ಉಪ್ಪು ತಿಂದವರು, ನೀರು ಕುಡಿಸುವವರು

2024ರ ಏಪ್ರಿಲ್ ಕೊನೆಯ ವಾರ. ಮಂಡ್ಯ, ಮೈಸೂರು, ಹಾಸನ ಕ್ಷೇತ್ರಗಳಲ್ಲಿ ಲೋಕಸಭೆಗೆ ಮತದಾನ ಮುಗಿದಿತ್ತು, ಬೆರಳಿನ ಶಾಯಿ ಇನ್ನೂ ಹಾಗೇ ಇತ್ತು. ಹಾಸನದ ಸಂಸದ ಪ್ರಜ್ವಲ್ ರೇವಣ್ಣ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪಗಳು ಒಂದರ ಹಿಂದೊಂದು ಬರುತ್ತಿದ್ದವು. ಅವರು ಅಷ್ಟರಲ್ಲಿ ಜರ್ಮನಿ ಸೇರಿದ್ದರು. ಪತ್ರಕರ್ತರು ಮೈಕು ಹಿಡಿದಾಗ ಅವರ ಚಿಕ್ಕಪ್ಪ, ಜೆಡಿಎಸ್ ರಾಜ್ಯಾಧ್ಯಕ್ಷ ಎಚ್.ಡಿ. ಕುಮಾರಸ್ವಾಮಿಯವರು ಉತ್ತರವಾಗಿ ಹೇಳಿದ್ದು ಒಂದು ಗಾದೆ: ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಈ ಗಾದೆ ನಮಗೆಲ್ಲ ಬಾಯಿಪಾಠ. ಮನೆಯಲ್ಲಿ ದೊಡ್ಡವರು ಹೇಳುತ್ತಾರೆ, ಅರಳಿಕಟ್ಟೆಯಲ್ಲಿ ಕೂತವರು ಹೇಳುತ್ತಾರೆ. ಹೇಳಿದವರ ಮೇಲೆ ಯಾವ ಹೊಣೆಯೂ ಬೀಳದ ಮಾತು ಇದು. ಉಪ್ಪು ತಿಂದರೆ ಬಾಯಾರಿಕೆ ತಾನಾಗಿ ಆಗುತ್ತದೆ, ನೀರು ತಾನಾಗಿ ಗಂಟಲಿಗೆ ಇಳಿಯುತ್ತದೆ. ನಡುವೆ ಠಾಣೆ ಇಲ್ಲ, ದೂರು ಬರೆದುಕೊಳ್ಳುವ ರೈಟರ್ ಇಲ್ಲ, ಸಾಕ್ಷಿ ಹೇಳಲು ಬಸ್ಸು ಹತ್ತಿ ಬರುವ ಹೆಂಗಸಿಲ್ಲ. ಗಾದೆಯ ಲೋಕದಲ್ಲಿ ನ್ಯಾಯ ಮಳೆ ಬಂದ ಹಾಗೆ ಬರುತ್ತದೆ, ಅಥವಾ ಬರುವುದಿಲ್ಲ. ಪಠ್ಯ ಕೈಗೆ ಸಿಕ್ಕರೆ ವಾಕ್ಯದ ಕರ್ತೃ ಎಲ್ಲಿ ಎಂದು ಹುಡುಕುವುದು ವಿಮರ್ಶೆ ಓದಿದವರಿಗೆ ಅಂಟಿದ ಚಟ. ಆ ಚಟದಿಂದಲೇ ನಾನು ಕುಮಾರಸ್ವಾಮಿಯವರ ಪೊಲೀಸ್ ಕುರಿತ ಮಾತುಗಳನ್ನು ಸಾಲಾಗಿ ಇಟ್ಟುಕೊಂಡು ಓದತೊಡಗಿದೆ.

ಅವರನ್ನೇ ಯಾಕೆ ಎಂದು ಕೇಳಬಹುದು. ಒಂದನೆಯದು, ಅವರಿಗೆ ಮಾತಿನ ಕಿವಿ ಇದೆ. ಬರೆದುಕೊಟ್ಟದ್ದನ್ನು ಓದುವ ನಾಯಕರ ನಡುವೆ ಎದೆಗೆ ಬಂದದ್ದನ್ನು ಆಡುವವರು. ಎರಡನೆಯದು, ಎರಡು ಸಲ ಮುಖ್ಯಮಂತ್ರಿಯಾಗಿ, ಉಳಿದ ಬಹುಪಾಲು ಕಾಲ ವಿರೋಧದಲ್ಲಿದ್ದು, ಲಾಠಿಯ ಎರಡೂ ತುದಿಗಳನ್ನು ಕಂಡವರು. ಮೂರನೆಯದು ಭೂಗೋಳ. ನಾನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳನ್ನು ಒಂದೇ ಸೀಮೆ ಎಂದು ತಿಳಿದು ಓಡಾಡುವವನು. ಹೊಗೆಸೊಪ್ಪಿನ ಹರಾಜು, ಭತ್ತದ ಕೊಯ್ಲು, ಕೊಡಗಿನ ಕಾಫಿ ತೋಟಕ್ಕೆ ಆಳುಗಳನ್ನು ತುಂಬಿಕೊಂಡು ಹೋಗುವ ಜೀಪು, ಇವು ಈ ಸೀಮೆಯನ್ನು ಒಟ್ಟಿಗೆ ಹೊಲಿದಿವೆ. ಲೋಕಸಭೆಯ ನಕಾಶೆ ಮಾತ್ರ ಅದನ್ನು ಮೂರು ತುಂಡು ಮಾಡಿದೆ. ಹುಣಸೂರು, ಪಿರಿಯಾಪಟ್ಟಣ ಮೈಸೂರು-ಕೊಡಗಿಗೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ. ಮಂಡ್ಯದಲ್ಲಿ ಆ ಸಲ ಗೆದ್ದು ಕೇಂದ್ರ ಸಚಿವರಾದವರು ಕುಮಾರಸ್ವಾಮಿ. ಅಂದರೆ ಕೆ.ಆರ್. ನಗರದ ಸಂಸದರು ಈಗ ಅವರೇ. ದೆಹಲಿಯಲ್ಲಿ ಆಡಳಿತ, ಬೆಂಗಳೂರಿನಲ್ಲಿ ವಿರೋಧ.

ಗಾದೆ ಹೇಳಿದ ಕೆಲವೇ ದಿನಗಳಲ್ಲಿ ಅದೇ ಕೆ.ಆರ್. ನಗರದ ಪೊಲೀಸ್ ಠಾಣೆಗೆ ಒಬ್ಬ ಮಗ ಬಂದ. ತನ್ನ ತಾಯಿಯನ್ನು ಕರೆದುಕೊಂಡು ಹೋಗಿದ್ದಾರೆ, ವಾಪಸು ಬಂದಿಲ್ಲ ಎಂದು ದೂರು ಕೊಟ್ಟ. ತಾಯಿ, ಹೊಳೆನರಸೀಪುರದ ದೊಡ್ಡ ಮನೆಯವರ ತೋಟದಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು. ಅಪಹರಣದ ಆ ಪ್ರಕರಣದಲ್ಲಿ ಕುಮಾರಸ್ವಾಮಿಯವರ ಅಣ್ಣ ಎಚ್.ಡಿ. ರೇವಣ್ಣ ಅವರ ಹೆಸರಿತ್ತು. ಮೇ 4ರಂದು ಅವರ ಬಂಧನವಾಯಿತು, ಆಮೇಲೆ ಜಾಮೀನು ಸಿಕ್ಕಿತು. ಆಕೆಯನ್ನು ಹುಣಸೂರು ತಾಲ್ಲೂಕಿನ ಕಾಳೇನಹಳ್ಳಿಯ ತೋಟದ ಮನೆಯೊಂದರಿಂದ ಕರೆತಂದೆವು ಎಂದು ವಿಶೇಷ ತನಿಖಾ ತಂಡ ಹೇಳಿತು. ಈ ತಂಡವನ್ನೇ ಎಲ್ಲರೂ ಎಸ್‌ಐಟಿ ಎನ್ನುವುದು.

ಆ ವಾರವೇ ಕುಮಾರಸ್ವಾಮಿಯವರು ಇನ್ನೊಂದು ಮಾತು ಆಡಿದರು. ಇದು ವಿಶೇಷ ತನಿಖಾ ತಂಡ ಅಲ್ಲ, ಎಸ್‌ಐಟಿ ಅಂದರೆ ಸಿದ್ದರಾಮಯ್ಯ ಇನ್ವೆಸ್ಟಿಗೇಷನ್ ಟೀಮ್, ಶಿವಕುಮಾರ್ ಇನ್ವೆಸ್ಟಿಗೇಷನ್ ಟೀಮ್ ಎಂಬ ಅರ್ಥದ ಮಾತು. ತನಿಖೆಯನ್ನು ಸಿಬಿಐಗೆ ಕೊಡಿ ಎಂಬುದು ಅದರ ಬೆನ್ನಿಗಿದ್ದ ಬೇಡಿಕೆ.

ಒಳ್ಳೆಯ ಶ್ಲೇಷೆ. ಸುದ್ದಿವಾಹಿನಿಗಳ ಅಡಿಬರಹದಲ್ಲಿ ಆ ಸಂಜೆಯಿಡೀ ಓಡಿತು. ಸ್ವಲ್ಪ ನಿಧಾನವಾಗಿ ಓದಿದರೆ ಒಂದು ತಮಾಷೆ ಕಾಣುತ್ತದೆ: ಈ ಶ್ಲೇಷೆ ಕನ್ನಡದಲ್ಲಿ ನಿಲ್ಲುವುದೇ ಇಲ್ಲ. ಸಿದ್ದರಾಮಯ್ಯನವರದು ಸಕಾರ, ಶಿವಕುಮಾರ್ ಅವರದು ಶಕಾರ. ಇಬ್ಬರನ್ನೂ ಒಂದೇ ಅಕ್ಷರಕ್ಕೆ ಕಟ್ಟಿಹಾಕಲು ಇಂಗ್ಲಿಷಿನ ಎಸ್ ಬೇಕು. ಮನೆಯ ಹುಡುಗನ ಬಗ್ಗೆ ಹೇಳುವಾಗ ಒದಗಿ ಬಂದದ್ದು ಅಚ್ಚ ಕನ್ನಡದ ಗಾದೆ. ಪೊಲೀಸರ ಬಗ್ಗೆ ಹೇಳುವಾಗ ಬಂದದ್ದು ಕಚೇರಿಯ ಇಂಗ್ಲಿಷಿನ ಅಕ್ಷರದಾಟ. ಇದು ಅವರಿಗೆ ಒಗ್ಗಿದ ಆಟವೂ ಹೌದು. 2023ರಲ್ಲಿ ವರ್ಗಾವಣೆ ದಂಧೆಯ ಆರೋಪ ಮಾಡುವಾಗ ಜಿಎಸ್‌ಟಿಯ ಜಾಡಿನಲ್ಲೇ ‘ವೈಎಸ್‌ಟಿ’ ಎಂಬ ತೆರಿಗೆ ಇದೆಯೆಂದು ಅವರು ಹೆಸರಿಟ್ಟಿದ್ದರು. ಆ ಜುಲೈನಲ್ಲಿ ಒಂದು ಪೆನ್‌ಡ್ರೈವ್ ಎತ್ತಿ ತೋರಿಸಿ, ಸಾಕ್ಷ್ಯ ಇದರಲ್ಲಿದೆ ಎಂದೂ ಹೇಳಿದ್ದರು. ಅದರೊಳಗೆ ಏನಿತ್ತೆಂದು ನಮ್ಮಂಥವರಿಗೆ ಕೇಳಸಿಗಲಿಲ್ಲ. ಮರುವರ್ಷ ಹಾಸನದಲ್ಲಿ ಪೆನ್‌ಡ್ರೈವ್ ಎಂಬ ಪದದ ಅರ್ಥವೇ ಬೇರೆಯಾಗಿಹೋಯಿತು.

ಶ್ಲೇಷೆಯಲ್ಲಿ ಸುಳ್ಳಿದೆ ಎಂದು ನಾನು ಹೇಳುತ್ತಿಲ್ಲ. ತನಿಖಾ ತಂಡವನ್ನು ನೇಮಿಸುವುದು ಸರ್ಕಾರ, ಅದರ ಅಧಿಕಾರಿಗಳ ಮುಂದಿನ ಹುದ್ದೆ ನಿರ್ಧರಿಸುವುದೂ ಸರ್ಕಾರ. ಎದುರಾಳಿಯ ಮನೆಯ ವಿಷಯದಲ್ಲಿ ಯಾವ ಸರ್ಕಾರಕ್ಕೂ ಉತ್ಸಾಹ ಹೆಚ್ಚು. ಇಷ್ಟನ್ನು ಅನುಮಾನಿಸುವುದು ವಿರೋಧದಲ್ಲಿರುವವರ ಕೆಲಸವೇ. ತೊಡಕು ಇರುವುದು ಶ್ಲೇಷೆ ಮುಚ್ಚಿಹಾಕುವ ಜಾಗದಲ್ಲಿ. ಎಸ್ ಎಂಬ ಅಕ್ಷರಕ್ಕೆ ಯಾರ ಹೆಸರು ಎಂಬ ಜಗಳದಲ್ಲಿ ಠಾಣೆಗೆ ಬಂದ ಮಗ ಕಾಣೆಯಾಗುತ್ತಾನೆ. ದೊಡ್ಡವರ ವಿರುದ್ಧ ದೂರು ಕೊಡಲು ಕೆ.ಆರ್. ನಗರದ ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಏನೆಂದು ಆ ತಾಲ್ಲೂಕಿನ ಯಾವ ಕೂಲಿಯವನನ್ನು ಕೇಳಿದರೂ ಹೇಳುತ್ತಾನೆ. ಆ ಮೆಟ್ಟಿಲಿಗೆ ಇಂಥ ತಂಡ ಇಲ್ಲದಿದ್ದಾಗ ಎಷ್ಟು ಎತ್ತರ ಇರುತ್ತದೆ? ಸಿಬಿಐ ಬಂದರೆ ಎಷ್ಟು ಇಳಿಯುತ್ತದೆ? ಈ ಪ್ರಶ್ನೆ ಭಾಷಣದಲ್ಲಿ ಬರಲಿಲ್ಲ. ಸಿಬಿಐ ಯಾರ ಕೈಕೆಳಗಿದೆ ಎಂಬುದೂ ಬರಲಿಲ್ಲ. ಆಗ ಜೆಡಿಎಸ್ ಎನ್‌ಡಿಎ ಸೇರಿ ಕೆಲವು ತಿಂಗಳಾಗಿತ್ತು. ‘ಅವರ ಪೊಲೀಸ್ ಬೇಡ, ನಮ್ಮ ಪೊಲೀಸ್ ಇರಲಿ’ ಎಂದು ಬಿಚ್ಚಿ ಹೇಳಿದ್ದರೆ ಶ್ಲೇಷೆಗಿಂತ ಪ್ರಾಮಾಣಿಕವಾಗಿ ಇರುತ್ತಿತ್ತು.

ಕೆ.ಆರ್. ನಗರದ ಆ ಹೆಣ್ಣುಮಗಳ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್ 1ರಂದು ವಿಶೇಷ ನ್ಯಾಯಾಲಯ ಪ್ರಜ್ವಲ್ ಅವರನ್ನು ದೋಷಿ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಬೇರೆ ಮಾತು. ಅಂದಿನ ಎಸ್‌ಐಟಿ ಒಯ್ದು ಇಟ್ಟ ಸಾಕ್ಷ್ಯವನ್ನು ನ್ಯಾಯಾಧೀಶರು ತೂಗಿ ನೋಡಿದರು, ಹೆಣ್ಣುಮಗಳು ಕಟಕಟೆಯಲ್ಲಿ ನಿಂತು ಹೇಳಿದಳು. ನೀರು ಕುಡಿಸಲು ಇಷ್ಟು ಜನ ಬೇಕಾಯಿತು. ಗಾದೆಯಲ್ಲಿ ಇವರ್ಯಾರೂ ಇಲ್ಲ, ಶ್ಲೇಷೆಯಲ್ಲೂ ಇಲ್ಲ.

ಈಗ ಇನ್ನೊಂದು ಧ್ವನಿ ಕೇಳಬೇಕು. 2018ರ ಡಿಸೆಂಬರ್ 24. ಕುಮಾರಸ್ವಾಮಿಯವರು ಆಗ ಮುಖ್ಯಮಂತ್ರಿ. ಮದ್ದೂರಿನಲ್ಲಿ ಅವರ ಪಕ್ಷದ ಕಾರ್ಯಕರ್ತರೊಬ್ಬರ ಕೊಲೆಯಾಗಿತ್ತು. ವಿಜಯಪುರ ಪ್ರವಾಸದಲ್ಲಿದ್ದ ಮುಖ್ಯಮಂತ್ರಿ ಪೊಲೀಸ್ ಅಧಿಕಾರಿಯೊಬ್ಬರಿಗೆ ಫೋನಿನಲ್ಲಿ, ಕೊಂದವರನ್ನು ನಿರ್ದಾಕ್ಷಿಣ್ಯವಾಗಿ ಶೂಟೌಟ್ ಮಾಡಿ, ಏನೂ ತೊಂದರೆಯಿಲ್ಲ ಎಂಬರ್ಥದಲ್ಲಿ ಹೇಳಿದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಗದ್ದಲ ಎದ್ದಾಗ, ಅದು ಮುಖ್ಯಮಂತ್ರಿಯ ಆದೇಶವಲ್ಲ, ನೋವಿನಲ್ಲಿ ಬಂದ ಮಾತು ಎಂದರು. ಆರೋಪಿಗಳು ಬೇರೆ ಕೊಲೆ ಪ್ರಕರಣದಲ್ಲಿ ಜಾಮೀನಿನ ಮೇಲೆ ಹೊರಗಿದ್ದವರು ಎಂದೂ ಹೇಳಿದರು. ನೋವು ನಿಜವಿದ್ದೀತು. ಅವರು ಕಣ್ಣೀರು ಹಾಕಿದ್ದನ್ನು ನಾಟಕ ಎಂದು ಆಡಿಕೊಳ್ಳುವವರ ಗುಂಪಿನಲ್ಲಿ ನಾನಿಲ್ಲ.

ವಾಕ್ಯ ಮಾತ್ರ ನೋಡಿ. ಗಾದೆಯಲ್ಲಿ ಕಾಣದಿದ್ದ ಕರ್ತೃ ಇಲ್ಲಿ ಢಾಳಾಗಿ ನಿಂತಿದ್ದಾನೆ: ಮಾಡಿ ಎನ್ನುವ ನಾನು, ಮಾಡುವ ನೀನು. ತನ್ನ ಕಾರ್ಯಕರ್ತ ಸತ್ತಾಗ ನ್ಯಾಯಕ್ಕೆ ಠಾಣೆಯೂ ಬೇಕಿಲ್ಲ, ನ್ಯಾಯಾಲಯವೂ ಬೇಕಿಲ್ಲ, ಸಿಬಿಐಯಂತೂ ಬೇಡವೇ ಬೇಡ. ಪೊಲೀಸ್ ಎಂಬುದು ಮುಖ್ಯಮಂತ್ರಿಯ ಕೈಯ ಮುಂದುವರಿಕೆ. ಐದು ವರ್ಷ ಕಳೆದ ಮೇಲೆ ಎಸ್‌ಐಟಿಯ ಎಸ್‌ಗೆ ಬೇರೆಯವರ ಹೆಸರು ಹಚ್ಚುವಾಗಲೂ ಪೊಲೀಸ್ ಎಂಬುದು ಅದೇ, ಮುಖ್ಯಮಂತ್ರಿಯ ಕೈ. ಎರಡೂ ಮಾತುಗಳ ಅಡಿಯಲ್ಲಿ ಒಂದೇ ನಂಬಿಕೆ ಇದೆ. ಕೈ ಯಾರದ್ದು ಎಂಬುದಷ್ಟೇ ಬದಲಾಗಿದೆ. ಇದನ್ನು ಇಬ್ಬಗೆ ಎಂದು ಹಂಗಿಸುವುದು ಸುಲಭ. ನನಗೆ ಕಾಣುವುದು ಇಬ್ಬಗೆಗಿಂತ ಹೆಚ್ಚು ಬೇಸರ ತರುವ ಸಂಗತಿ, ಒಂದೇ ಬಗೆ.

ಕೈಯಿಂದ ಲಾಠಿಯನ್ನು ಸ್ವಲ್ಪ ದೂರ ಇಡಲು ಒಂದು ದಾರಿ ತೆರೆದಿತ್ತು. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನಗಳನ್ನು ಕೊಟ್ಟಿತು. ರಾಜ್ಯ ಭದ್ರತಾ ಆಯೋಗ ಇರಬೇಕು. ಠಾಣಾಧಿಕಾರಿಗೂ ಜಿಲ್ಲಾ ವರಿಷ್ಠಾಧಿಕಾರಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು. ಡಿವೈಎಸ್‌ಪಿವರೆಗಿನ ವರ್ಗಾವಣೆಯನ್ನು ಇಲಾಖೆಯೊಳಗಿನ ಮಂಡಳಿಯೇ ನಿರ್ಧರಿಸಬೇಕು. ತನಿಖೆ ಮಾಡುವವರನ್ನು ಬಂದೋಬಸ್ತಿನವರಿಂದ ಬೇರ್ಪಡಿಸಬೇಕು. ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಪೊಲೀಸರ ವಿರುದ್ಧದ ದೂರು ಕೇಳುವ ಪ್ರಾಧಿಕಾರ ಇರಬೇಕು. ಈ ಅರ್ಜಿ ನ್ಯಾಯಾಲಯಕ್ಕೆ ಹೋದದ್ದು 1996ರಲ್ಲಿ, ದೇವೇಗೌಡರು ಪ್ರಧಾನಿಯಾದ ವರ್ಷ. ತೀರ್ಪು ಬಂದ ದಿನ ಕರ್ನಾಟಕದ ಮುಖ್ಯಮಂತ್ರಿ ಕುಮಾರಸ್ವಾಮಿ. ಆ ವರ್ಷದ ಕೊನೆಯೊಳಗೆ ಜಾರಿ ಮಾಡಿ ಎಂದು ನ್ಯಾಯಾಲಯ ಹೇಳಿತ್ತು. ಕರ್ನಾಟಕ ತನ್ನ ಪೊಲೀಸ್ ಕಾಯ್ದೆಗೆ ಇದಕ್ಕಾಗಿ ತಿದ್ದುಪಡಿ ತಂದದ್ದು 2012ರಲ್ಲಿ, ಇನ್ನೊಂದು ಪಕ್ಷದ ಸರ್ಕಾರ ಇದ್ದಾಗ.

ವೈಎಸ್‌ಟಿ ಎಂಬ ಮಾತಿನಲ್ಲಿ ಸಿಟ್ಟಿದೆ, ವ್ಯಂಗ್ಯವಿದೆ, ಈ ಏಳು ನಿರ್ದೇಶನಗಳ ನೆನಪಿಲ್ಲ. ಪಿರಿಯಾಪಟ್ಟಣದ ಇನ್‌ಸ್ಪೆಕ್ಟರ್ ಹುದ್ದೆಗೆ ಯಾರ ಪತ್ರ ಬೇಕು ಎಂಬುದು ಅಲ್ಲಿನ ಚಹಾದಂಗಡಿಯಲ್ಲಿ ಎಲ್ಲರೂ ಆಡುವ ಮಾತು. ಪತ್ರ ಕೊಡುವವರು ಬದಲಾಗಲಿ ಎನ್ನುವುದು ಒಂದು ಟೀಕೆ. ಪತ್ರವೇ ಬೇಡ ಎನ್ನುವುದು ಇನ್ನೊಂದು. ಅವರ ಭಾಷಣಗಳಲ್ಲಿ ಮೊದಲನೆಯದು ನನಗೆ ಬೇಕಾದಷ್ಟು ಸಿಕ್ಕಿತು.

ಇದೆಲ್ಲ ಒಬ್ಬರ ಗುಣವೂ ಅಲ್ಲ, ಇಂದು ನೆನ್ನೆಯದೂ ಅಲ್ಲ. ಹುಣಸೂರಿನವರಿಗೆ ದೇವರಾಜ ಅರಸು ಅಂದರೆ ಹೆಮ್ಮೆ, ನನಗೂ ಹೆಮ್ಮೆ. ಕಲ್ಲಹಳ್ಳಿಯ ಆ ಮನುಷ್ಯ ಭೂಮಿಯ ವಿಷಯದಲ್ಲಿ ಮಾಡಿದ್ದನ್ನು ಯಾರೂ ಮರೆಯಲಾಗದು. ಅವರ ಜಯಂತಿಯ ಭಾಷಣಗಳಲ್ಲಿ ಮಾತ್ರ ಬೆಂಗಳೂರಿನ ಸೆಂಟ್ರಲ್ ಜೈಲು ಬರುವುದಿಲ್ಲ. ತುರ್ತುಪರಿಸ್ಥಿತಿಯಲ್ಲಿ ಮುಖ್ಯಮಂತ್ರಿ ಅವರೇ ಆಗಿದ್ದರು. ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ದೇವೇಗೌಡರು ಅದೇ ಜೈಲಿನಲ್ಲಿದ್ದರು. ವಾಜಪೇಯಿ, ಅಡ್ವಾಣಿ ಇದ್ದರು. ‘ಸಂಸ್ಕಾರ’ ಚಿತ್ರದ ಚಂದ್ರಿ, ಅಸ್ತಮಾದಿಂದ ನರಳುತ್ತಿದ್ದ ಸ್ನೇಹಲತಾ ರೆಡ್ಡಿ, ಅಲ್ಲೇ ತಿಂಗಳುಗಟ್ಟಲೆ ಇದ್ದು ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನ ಪೊಲೀಸರು ಹಿಂಸಿಸಿದ ಕಥೆ ಎಲ್ಲರಿಗೂ ಗೊತ್ತು.

ಅಂದಿನ ವಿರೋಧಿಗಳಿಗೂ ಇಂದಿನವರಿಗೂ ಇರುವ ಒಂದು ವ್ಯತ್ಯಾಸ ಅಲ್ಲೇ ಸಿಗುತ್ತದೆ. ಜೈಲಿನಿಂದ ಹೊರಬಂದು ಅಧಿಕಾರ ಹಿಡಿದ ಜನತಾ ಸರ್ಕಾರ ಅದೇ 1977ರ ನವೆಂಬರಿನಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಿಸಿತು. ಎಂಟು ವರದಿಗಳು ಬಂದವು. ದೇಶದಲ್ಲಿ ನಡೆಯುವ ಬಂಧನಗಳಲ್ಲಿ ಹತ್ತಿರಹತ್ತಿರ ಶೇ. 60ರಷ್ಟು ಅನಗತ್ಯ ಇಲ್ಲವೇ ಸಮರ್ಥನೆಯಿಲ್ಲದವು ಎಂದು ಆಯೋಗ ಲೆಕ್ಕ ಹಾಕಿತ್ತು. ಪ್ರಕಾಶ್ ಸಿಂಗ್ ಅರ್ಜಿ ಕೇಳಿದ್ದು ಈ ಆಯೋಗದ ಮಾತನ್ನು ಜಾರಿ ಮಾಡಿ ಎಂದೇ. ತಾನು ಒಳಗೆ ಕೂತು ನೋಡಿದವನಿಗೆ, ನಮ್ಮವರನ್ನು ಯಾಕೆ ಹಿಡಿದಿರಿ ಎಂಬ ಪ್ರಶ್ನೆಯಿಂದ ಯಾರನ್ನೇ ಆಗಲಿ ಹೇಗೆ ಹಿಡಿಯುತ್ತೀರಿ ಎಂಬ ಪ್ರಶ್ನೆಗೆ ದಾಟಲು ಸಾಧ್ಯವಾಗಿತ್ತು. ಎಲ್ಲರೂ ದಾಟಿದರು ಎನ್ನಲಾರೆ. ವರದಿಗಳು ಬಹುಕಾಲ ಕಪಾಟಿನಲ್ಲಿ ಮಲಗಿದವು.

ಹುಣಸೂರು ಇನ್ನೊಂದು ಸಲವೂ ಈ ಕಥೆಯೊಳಗೆ ಬರುತ್ತದೆ. 2019ರ ಆಗಸ್ಟಿನಲ್ಲಿ ಹುಣಸೂರಿನ ಅನರ್ಹ ಶಾಸಕ ಎ.ಎಚ್. ವಿಶ್ವನಾಥ್, ಕುಮಾರಸ್ವಾಮಿಯವರ ಸರ್ಕಾರ ತಮ್ಮದೂ ಸೇರಿ ನೂರಾರು ಜನರ ಫೋನ್ ಕದ್ದು ಕೇಳಿದೆ ಎಂದು ಆರೋಪಿಸಿದರು. ಅವರು ಅಲ್ಲಿಯವರೆಗೆ ಅದೇ ಪಕ್ಷದಲ್ಲಿದ್ದವರು, ರಾಜ್ಯಾಧ್ಯಕ್ಷರಾಗಿದ್ದವರು. ಕುಮಾರಸ್ವಾಮಿ ಅಲ್ಲಗಳೆದರು, ಯಡಿಯೂರಪ್ಪನವರ ಸರ್ಕಾರ ಸಿಬಿಐಗೆ ಕೊಟ್ಟಿತು. ಇದಕ್ಕಿಂತ ಹೆಚ್ಚು ಅದರಲ್ಲಿ ಹೇಳುವಂಥದ್ದಿಲ್ಲ. ಕದ್ದು ಕೇಳುವ ಕಿವಿ ಎಲ್ಲ ಸರ್ಕಾರಕ್ಕೂ ಇರುತ್ತದೆ ಎಂದು ಜನ ನಂಬಿದ್ದಾರೆ, ಅಷ್ಟೆ.

ಕುಮಾರಸ್ವಾಮಿಯವರಿಗೆ ನ್ಯಾಯ ಸಲ್ಲಬೇಕಾದ ಒಂದು ದಿನವನ್ನು ಇಲ್ಲಿ ಹೇಳದಿದ್ದರೆ ನನ್ನ ಓದು ಅರೆಬರೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೌರತ್ವ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಜನವರಿ 10ರಂದು ಕುಮಾರಸ್ವಾಮಿ ಬೆಂಗಳೂರಿನಲ್ಲಿ 35 ವಿಡಿಯೊ ತುಣುಕುಗಳನ್ನು ಬಿಡುಗಡೆ ಮಾಡಿ, ಪೊಲೀಸರು ಹೇಳಿದ ಕಥೆಗೂ ಕ್ಯಾಮೆರಾ ಕಂಡದ್ದಕ್ಕೂ ತಾಳೆಯಿಲ್ಲ ಎಂದರು. ಸತ್ತವರು ಅವರ ಪಕ್ಷದವರಲ್ಲ, ಊರಿನವರಲ್ಲ. ಅಂದು ಅವರ ಬಾಯಲ್ಲಿ ಗಾದೆ ಮುಖ್ಯವಾಗಿರಲಿಲ್ಲ, ಅಕ್ಷರದಾಟವೂ ಮುಖ್ಯವಾಗಿರಲಿಲ್ಲ. ಯಾವ ಬೀದಿ, ಎಷ್ಟು ಹೊತ್ತು, ಯಾರ ಕೈಯಲ್ಲಿ ಏನಿತ್ತು ಎಂಬುದು ಮುಖ್ಯವಾಗಿತ್ತು. ವಿರೋಧದ ಭಾಷೆಗೆ ಇದು ಸಾಧ್ಯ ಎಂಬುದಕ್ಕೆ ಇದೇ ಪುರಾವೆ. ಆ ದಾರಿಯಲ್ಲಿ ಅವರು ಮುಂದೆ ನಡೆದದ್ದು ನನಗೆ ಕಾಣಲಿಲ್ಲ. ಮಂಗಳೂರಿನ ಗುಂಡು ದೊಡ್ಡ ಸುದ್ದಿ. ಬೆಟ್ಟದಪುರದ ಠಾಣೆಗೆ ಯಾವ ಕ್ಯಾಮೆರಾವೂ ಹೋಗಿರಲಿಲ್ಲ.

ಬೆಟ್ಟದಪುರ ಪಿರಿಯಾಪಟ್ಟಣ ತಾಲ್ಲೂಕಿನದು. ಕುಶಾಲನಗರದ ಕಡೆಯ ಹಳ್ಳಿಯೊಂದರಲ್ಲಿ ಆದಿವಾಸಿ ಕೂಲಿ ಕಾರ್ಮಿಕನೊಬ್ಬನ ಹೆಂಡತಿ 2020ರಲ್ಲಿ ಕಾಣೆಯಾದಳು. ಗಂಡನೇ ಹೋಗಿ ಠಾಣೆಯಲ್ಲಿ ದೂರು ಕೊಟ್ಟ. ಮುಂದೆ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಇಲ್ಲೊಂದು ಅಸ್ಥಿ, ಅಲ್ಲೊಬ್ಬಳು ಕಾಣೆಯಾದ ಹೆಂಗಸು. ಎರಡನ್ನೂ ಜೋಡಿಸಿದರೆ ಎರಡು ಕಡತ ಒಟ್ಟಿಗೆ ಮುಗಿಯುತ್ತವೆ. ಜೋಡಿಸಿದರು. ಹೆಂಡತಿಯನ್ನು ಕೊಂದವನು ಗಂಡನೇ ಎಂದು ಆರೋಪಪಟ್ಟಿ ಹೋಯಿತು. ದೂರು ಕೊಡಲು ಹೋದವನು ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ. ಡಿಎನ್‌ಎ ಹೊಂದಲಿಲ್ಲ. ಜಾಮೀನಿನ ಮೇಲೆ ಬಂದ, ಕೊಲೆಯ ಮೊಕದ್ದಮೆ ನಡೆಯುತ್ತಲೇ ಇತ್ತು. 2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ಆತನ ಪರಿಚಯದವರು ಆ ಹೆಂಗಸನ್ನು ನೋಡಿದರು. ಜೀವಂತ ಇದ್ದಳು, ಇನ್ನೊಬ್ಬನ ಜೊತೆ ಸಂಸಾರ ಮಾಡಿಕೊಂಡು. ಮೈಸೂರಿನ ನ್ಯಾಯಾಲಯ ಅದೇ ತಿಂಗಳು ಗಂಡನನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿತು, ಗೃಹ ಇಲಾಖೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು, ತನಿಖಾಧಿಕಾರಿಯ ಮೇಲೆ ಕ್ರಮಕ್ಕೆ ಹೇಳಿತು.

ಈ ಮೊಕದ್ದಮೆಯ ಕಾಲವನ್ನು ಲೆಕ್ಕ ಹಾಕಿದರೆ, ಹಿಡಿದಾಗ ಒಂದು ಪಕ್ಷದ ಸರ್ಕಾರ, ಬಿಟ್ಟಾಗ ಇನ್ನೊಂದರದು. ನಡುವೆ ವಿರೋಧ ಪಕ್ಷಗಳು ಆಡಳಿತಕ್ಕೂ ಆಡಳಿತ ಪಕ್ಷ ವಿರೋಧಕ್ಕೂ ಬದಲಾಗಿದ್ದವು. ಎಸ್ ಎಂಬ ಅಕ್ಷರಕ್ಕೆ ಯಾರ ಹೆಸರು ಹಚ್ಚಿದ್ದರೂ ಅವನ ಕಡತದಲ್ಲಿ ಒಂದು ಸಾಲೂ ಬದಲಾಗುತ್ತಿರಲಿಲ್ಲ. ಅವನನ್ನು ಹಿಡಿಯಿರಿ ಎಂದು ಯಾವ ಮಂತ್ರಿಯೂ ಫೋನ್ ಮಾಡಿದ್ದಿರಲಾರದು. ಮಂತ್ರಿಯ ಕೈಯೇ ಪೊಲೀಸ್ ಎಂಬ ಸಿದ್ಧಾಂತ ಇಲ್ಲಿ ಸೋಲುತ್ತದೆ, ಯಾಕೆಂದರೆ ಇಲ್ಲಿ ಕೆಲಸ ಮಾಡಿದ್ದು ಕೈಯಲ್ಲ, ರೂಢಿ. ಬಡವನೊಬ್ಬ ಎದುರಿಗಿದ್ದಾಗ ಕಡತವನ್ನು ಸುಲಭದಲ್ಲಿ ಮುಗಿಸುವ ರೂಢಿ. ತನಿಖೆಗೂ ಬಂದೋಬಸ್ತಿಗೂ ಒಬ್ಬನೇ ಓಡಾಡುವ ಠಾಣೆಯಲ್ಲಿ ಅದು ಬೇಗ ಬೆಳೆಯುತ್ತದೆ. ಸುಪ್ರೀಂ ಕೋರ್ಟಿನ ನಿರ್ದೇಶನಗಳಲ್ಲಿ ಒಂದು ಇದೇ ವಿಷಯದ್ದು ಎಂದು ಮೇಲೆ ಬರೆದಿದ್ದೇನೆ.

ಎಚ್.ಡಿ. ಕೋಟೆಗೆ ಬಂದರೆ ಪೊಲೀಸ್ ಎಂಬ ಪದವೇ ಸಾಲದು. 2022ರ ಅಕ್ಟೋಬರಿನಲ್ಲಿ ಗುಂಡ್ರೆ ಅರಣ್ಯ ವಲಯದವರು ಜಿಂಕೆ ಮಾಂಸದ ಆರೋಪದ ಮೇಲೆ ಹಾಡಿಯ ಒಬ್ಬ ಆದಿವಾಸಿಯನ್ನು ಹಿಡಿದರು. ಅರಣ್ಯ ಇಲಾಖೆಯ ವಶದಲ್ಲಿದ್ದ ಆತ ಸತ್ತ. ಹಾಡಿಯವರು ಪ್ರತಿಭಟಿಸಿದ ಮೇಲೆ ಅರಣ್ಯ ಸಿಬ್ಬಂದಿಯ ವಿರುದ್ಧ ಕೊಲೆ ಪ್ರಕರಣ ದಾಖಲಾಯಿತು. ಕಾಡಂಚಿನಲ್ಲಿ ಬಂಧಿಸುವ, ಜಪ್ತಿ ಮಾಡುವ, ಕೂರಿಸಿ ಕೇಳುವ ಅಧಿಕಾರ ಹಸಿರು ಸಮವಸ್ತ್ರಕ್ಕೂ ಇದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂಬ ರಕ್ಷಣೆ ನಮ್ಮ ಕಾನೂನಿನಲ್ಲಿ ಬ್ರಿಟಿಷರ ಕಾಲದಿಂದ ಇದೆ. ವನ್ಯಜೀವಿ ಕಾಯ್ದೆಯಲ್ಲಿ ನಿಗದಿತ ದರ್ಜೆಯ ಅರಣ್ಯಾಧಿಕಾರಿ ಆರೋಪಿಯ ಎದುರಿನಲ್ಲಿ ದಾಖಲಿಸಿಕೊಂಡ ಸಾಕ್ಷ್ಯ ನಿಲ್ಲುತ್ತದೆ. ಕ್ರಿಮಿನಲ್ ನ್ಯಾಯದ ಬಗ್ಗೆ ಮಾತಾಡುವ ಯಾವ ನಾಯಕರಾದರೂ ಕೋಟೆಯಲ್ಲಿ ನಿಂತು ಇದನ್ನು ಹೇಳಬೇಕಿತ್ತು. ಅಲ್ಲಿ ಕೇಳಿಬರುವ ಭಾಷಣಗಳಲ್ಲಿ ಆನೆ ಇದೆ, ಹುಲಿ ಇದೆ, ಬೆಳೆ ಪರಿಹಾರ ಇದೆ. ಅವೂ ಬೇಕಾದವೇ.

ನನ್ನ ಗೆಳೆಯರೊಬ್ಬರು, ರಾಜ್ಯಶಾಸ್ತ್ರದ ಮೇಷ್ಟ್ರು, ಇದನ್ನೆಲ್ಲ ಕೇಳಿ ನಕ್ಕರು. ವಿರೋಧ ಪಕ್ಷದವನ ಕೆಲಸ ಸರ್ಕಾರವನ್ನು ಚುಚ್ಚುವುದು, ಅವನಲ್ಲಿ ಕಾದಂಬರಿಕಾರನ ಕಣ್ಣು ಹುಡುಕುತ್ತೀರಲ್ಲ ಎಂದರು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೂ ನಮ್ಮ ಜಿಲ್ಲೆಯವರಿಗೆ ಆ ಕಣ್ಣು ಹೊಸದಲ್ಲ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಕಡಲೆಕಾಯಿ ಕಳ್ಳತನದ ಜಾಡು ಹಿಡಿದು ಪೊಲೀಸರು ಸಾಕವ್ವನ ಗುಡಿಸಲಿಗೆ ಬರುತ್ತಾರೆ. ಕಥೆಗಾರ ನಮ್ಮನ್ನು ಮುಂಚಿತವಾಗಿಯೇ ಒಳಗೆ ಕೂರಿಸಿರುತ್ತಾನೆ; ಹಸಿದವರು ರಾತ್ರಿಯೆಲ್ಲ ಕಡಲೆಕಾಯಿ ತಿಂದದ್ದನ್ನು ನಾವು ಕಂಡಿರುತ್ತೇವೆ. ಅವರು ಕದ್ದ ಮಾಲು ತಿಂದದ್ದು ಹೌದು. ಅದನ್ನು ಮುಚ್ಚಿಡದೆಯೇ, ಬಾಗಿಲಿಗೆ ಬರುವ ಬೂಟಿನ ಸದ್ದು ಒಳಗಿನವರಿಗೆ ಹೇಗೆ ಕೇಳುತ್ತದೆ ಎಂದು ಆ ಕಥೆ ತೋರಿಸುತ್ತದೆ. ಆ ಪೊಲೀಸರು ಯಾವ ಮುಖ್ಯಮಂತ್ರಿಯ ಕಾಲದವರು ಎಂದು ಕೇಳಬೇಕೆಂದು ಯಾವ ಓದುಗನಿಗೂ ಅನ್ನಿಸಿರಲಾರದು.

ಮೇಷ್ಟ್ರಿಗೆ ನಾನು ಹೇಳಿದ್ದು ಇಷ್ಟು. ಚುಚ್ಚಲಿ, ಚುಚ್ಚುವ ಜಾಗ ಸರಿಯಿರಲಿ. ಒಬ್ಬ ವಿರೋಧಿ ನಾಯಕ ಸದನದಲ್ಲಿ ಎದ್ದು, ಬೆಟ್ಟದಪುರದಲ್ಲಿ ಡಿಎನ್‌ಎ ವರದಿ ಬಂದ ಮೇಲೂ ಮೊಕದ್ದಮೆ ಹೇಗೆ ನಡೆಯಿತು, ಜಿಲ್ಲೆಯ ದೂರು ಪ್ರಾಧಿಕಾರದ ಕಚೇರಿ ಎಲ್ಲಿದೆ, ಅಲ್ಲಿಗೆ ಹಾಡಿಯಿಂದ ಬರುವ ಬಸ್ಸು ಯಾವುದು ಎಂದು ಕೇಳಿದರೆ ಯಾವ ಸರ್ಕಾರವೂ ತಡವರಿಸುತ್ತದೆ. ಕೇಳಿದವರು ನಾಳೆ ಆ ಕುರ್ಚಿಗೆ ಬಂದರೆ ಅವರೂ ತಡವರಿಸಬೇಕಾಗುತ್ತದೆ. ಶ್ಲೇಷೆಗೆ ಆ ಅಪಾಯವಿಲ್ಲ. ಹೆಸರು ಬದಲಾದರೆ ಅಕ್ಷರವೂ ಬದಲಾಗುತ್ತದೆ.

ಅವರು ನಗುವುದು ಬಿಟ್ಟು, ಆ ಅಸ್ಥಿಪಂಜರ ಯಾರದಂತೆ ಎಂದು ಕೇಳಿದರು.

ಹೆಂಡತಿ ಮಡಿಕೇರಿಯಲ್ಲಿ ಬದುಕಿದ್ದಳು. ಬೆಟ್ಟದಪುರದ ಬಳಿ ಸಿಕ್ಕಿದ್ದು ಹಾಗಾದರೆ ಇನ್ನೊಬ್ಬರ ಮೂಳೆ. ಅವರಿಗೂ ಒಂದು ಮನೆ ಇದ್ದಿರಬೇಕು, ಎಲ್ಲೋ ಒಂದು ಠಾಣೆಯಲ್ಲಿ ಕಾಣೆಯಾದವರ ದೂರು ಇದ್ದಿರಬೇಕು. ಆ ಮೂಳೆಯ ಬಗ್ಗೆ ಕೇಳಿದ ಒಂದು ಭಾಷಣವನ್ನೂ ನಾನು ಈವರೆಗೆ ಓದಿಲ್ಲ.